ಎಡ ಮಗ್ಗುಲಿನ ವರದಿ

ಹರಿಹರದ ಆ ಗಂಡ ಹೆಂಡತಿ ನನ್ನ ಕೋಣೆಯೊಳಗೆ ಬರುವಾಗಲೇ ಅವರ ಜಗಳ ಅರ್ಧ ಮುಗಿದಿತ್ತು. ಉಳಿದರ್ಧವನ್ನು ನನ್ನೆದುರು ಕೂತು ಮುಗಿಸಿದರು.

"ಇವ್ರು ನಿದ್ದ್ಯಾಗ ಉಸಿರು ಬಿಡಾದನ್ನೇ ಮರೀತಾರ್ರಿ ಮೇಡಂ," ಅಂದರು ಹೆಂಡತಿ. "ಗೊರ್ ಗೊರ್ ಅಂತಿರ್ತಾರೆ, ಇದ್ದಕ್ಕಿದ್ದಂಗ ಗಪ್ ಆಗ್ತಾರೆ. ಆಮ್ಯಾಲೆ ನೀರಾಗ ಮುಳುಗಿ ಎದ್ದೋರಂಗ ಹಾ ಅಂತ ಎಳಕಂತಾರೆ. ಅಷ್ಟೊತ್ತಿಗೆ ಇಲ್ಲಿ ನನ್ನ ಜೀವ ಹೋಗಿರ್ತೈತಿ."

"ಗೊರಕೆ ಹೊಡಿತೀನ್ರಿ, ಇಲ್ಲ ಅನ್ನಲ್ಲ," ಅಂದರು ಗಂಡ. "ಊರಾಗ ಯಾರು ಹೊಡಿಯಲ್ಲ? ನನಗೆ ಒಂದು ಚೀಟಿ ಬರ್ದುಕೊಡ್ರಿ ಸಾಕು."

ಚೀಟಿಯ ಸಂಗತಿ ಹೀಗಿತ್ತು. ಆತ ಹರಿಹರದ ಮಕ್ಕಳನ್ನು ದಾವಣಗೆರೆಯ ಶಾಲೆಯೊಂದಕ್ಕೆ ಕರೆತರುವ ವ್ಯಾನಿನ ಡ್ರೈವರ್. ಒಂದು ದಿನ ರೈಲ್ವೆ ಗೇಟ್ ಹಾಕಿದ್ದರಿಂದ ಎಂಜಿನ್ ಆರಿಸಿ ಕೂತಿದ್ದಾರೆ. ಗೇಟ್ ತೆಗೆದಿದೆ, ಹಿಂದಿನ ವಾಹನಗಳೆಲ್ಲ ಹಾರನ್ ಹೊಡೆದಿವೆ, ಇವರು ಮಾತ್ರ ಸ್ಟೇರಿಂಗ್ ಹಿಡಿದುಕೊಂಡೇ ನಿದ್ದೆಹೋಗಿದ್ದಾರೆ. ಮುಂದಿನ ಸೀಟಿನಲ್ಲಿದ್ದ ಹುಡುಗಿಯೊಬ್ಬಳು ಭುಜ ಅಲ್ಲಾಡಿಸಿ ಎಬ್ಬಿಸಿದಳಂತೆ. ಆ ಹುಡುಗಿ ಮನೆಗೆ ಹೋಗಿ ಹೇಳದೆ ಇರುತ್ತಾಳೆಯೇ? ತಂದೆತಾಯಂದಿರು ವ್ಯಾನ್ ಮಾಲೀಕರ ಮನೆಗೆ ಹೋದರು, ಮಾಲೀಕರು ಕೀಲಿ ಕಸಿದುಕೊಂಡರು. ನಿದ್ದೆಯ ಕಾಯಿಲೆ ಇಲ್ಲವೆಂದು ವೈದ್ಯರು ಬರೆದುಕೊಟ್ಟರೆ ಕೀಲಿ ವಾಪಸ್, ಇಲ್ಲದಿದ್ದರೆ ಬೇರೆ ಡ್ರೈವರ್. ಸದ್ಯಕ್ಕೆ ಮಾಲೀಕರ ಅಳಿಯ ವ್ಯಾನ್ ಓಡಿಸುತ್ತಿದ್ದಾನಂತೆ. ಈತ ಹರಯದಿಂದಲೂ ಸ್ಟೇರಿಂಗ್ ಬಿಟ್ಟು ಬೇರೆ ಕೆಲಸ ಮಾಡಿದವರಲ್ಲ.

ನಾನು ಕಿವಿ ಮೂಗು ಗಂಟಲಿನ ವೈದ್ಯೆ. ಹುಟ್ಟಿದ್ದು ಮಂಡ್ಯ ಕಡೆ, ಮದುವೆಯಾಗಿ ದಾವಣಗೆರೆಗೆ ಬಂದವಳು. ನಿಜಲಿಂಗಪ್ಪ ಬಡಾವಣೆಯಲ್ಲಿ ಮನೆ, ಕೆ.ಬಿ. ಬಡಾವಣೆಯಲ್ಲಿ ಕ್ಲಿನಿಕ್. ಗೊರಕೆಯ ರೋಗಿಗಳು ನನಗೆ ಹೊಸಬರಲ್ಲ. ನಿದ್ದೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲವಾಗಿ ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ. ಮೆದುಳು ಗಾಬರಿಯಾಗಿ ಅರೆ ಎಚ್ಚರ ಮಾಡುತ್ತದೆ. ಇಡೀ ರಾತ್ರಿ ಇದೇ ನಡೆದರೆ ಮಲಗಿದ್ದೂ ಮಲಗದ ಹಾಗೆ, ಹಗಲಿಡೀ ತೂಕಡಿಕೆ. ಸಾಮಾನ್ಯವಾಗಿ ದಪ್ಪ ಕುತ್ತಿಗೆಯ, ಹೊಟ್ಟೆ ಬಂದ ಗಂಡಸರಿಗೆ ಹೀಗಾಗುವುದು. ಈತನೋ ಸಣಕಲು. ಕುತ್ತಿಗೆ ಅಳೆದೆ, ನನ್ನ ಕುತ್ತಿಗೆಗಿಂತ ಸ್ವಲ್ಪವೇ ಹೆಚ್ಚು. ಬಾಯಿ ತೆಗೆಸಿ ನೋಡಿದೆ, ಕಿರುನಾಲಿಗೆ ತುಸು ಉದ್ದ. ಮೂಗಿನ ನಡುಗೋಡೆ ಒಂದು ಕಡೆ ವಾಲಿತ್ತು, ಆದರೆ ನೆಟ್ಟಗಿನ ನಡುಗೋಡೆ ಯಾರಿಗಿರುತ್ತದೆ? ನನ್ನದೂ ವಾಲಿದೆ.

"ಮಲಗೋದು ಹೇಗೆ? ಅಂಗಾತನಾ, ಪಕ್ಕಕ್ಕಾ?" ಎಂದು ಕೇಳಿದೆ.

"ನೆಟ್ಟಗ ಮಕ್ಕಂತಾರ್ರಿ, ಅಂಗಾತ," ಅಂದರು ಹೆಂಡತಿ.

"ನಿದ್ದಿ ಬಂದ ಮ್ಯಾಲೆ ಹೆಂಗ್ ಮಕ್ಕಂತೀನೋ ನಂಗೇನು ಗೊತ್ತು, ಇವ್ಳಿಗೇನು ಗೊತ್ತು," ಅಂದರು ಗಂಡ.

ಆತ ಹೇಳಿದ್ದರಲ್ಲೂ ಅರ್ಥವಿತ್ತು. ಅಂಗಾತ ಮಲಗಿದಾಗ ನಾಲಿಗೆ ಹಿಂದಕ್ಕೆ ಜಾರಿ ದಾರಿ ಮುಚ್ಚುವುದು ಹೆಚ್ಚು, ಕೆಲವರಿಗಂತೂ ಅಂಗಾತ ಮಲಗಿದಾಗ ಮಾತ್ರ ಈ ತೊಂದರೆ. ಆದರೆ ಅದನ್ನು ಊಹೆಯಿಂದ ಹೇಳಬಾರದು, ಅಳೆದು ನೋಡಬೇಕು. ಆಸ್ಪತ್ರೆಯ ನಿದ್ರಾ ಪರೀಕ್ಷೆಯ ಕೋಣೆಗೆ ಬರೆದುಕೊಟ್ಟೆ.

ಆ ಕೋಣೆಯಲ್ಲಿ ತಲೆಗೆ ತಂತಿ, ಮೂಗಿಗೆ ನಳಿಕೆ, ಬೆರಳಿಗೆ ಕ್ಲಿಪ್, ಎದೆಗೊಂದು ಹೊಟ್ಟೆಗೊಂದು ಪಟ್ಟಿ ಕಟ್ಟಿ ಮಲಗಿಸುತ್ತಾರೆ. ಅಷ್ಟೆಲ್ಲ ಕಟ್ಟಿಸಿಕೊಂಡು ಯಾರಿಗೆ ನಿದ್ದೆ ಬರುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ಈತನಿಗೆ ಬಂತು, ಸೊಗಸಾಗಿಯೇ ಬಂತು. ವರದಿ ನೋಡಿದರೆ ಉಸಿರು ನಿಂತದ್ದು ಅಪರೂಪಕ್ಕೊಮ್ಮೆ, ಆಮ್ಲಜನಕ ಇಳಿದೇ ಇಲ್ಲ. ರಾತ್ರಿಯ ಬಹುಪಾಲು ಬಲ ಮಗ್ಗುಲಲ್ಲೇ ಮಲಗಿದ್ದರು.

ವರದಿ ತೆಗೆದುಕೊಳ್ಳಲು ಬಂದಾಗ ಮುಖ ಕಳೆಕಳೆಯಾಗಿತ್ತು. "ಇಂಥಾ ನಿದ್ದಿ ಬಂದು ಎಷ್ಟು ಕಾಲ ಆಗಿತ್ತೋ ಏನೋ. ಇನ್ನ ಚೀಟಿ ಬರೀರಿ ಮೇಡಂ."

ಹೆಂಡತಿ ವರದಿಯನ್ನು ತಿರುಗಿಸಿ ಮುರುಗಿಸಿ ನೋಡಿದರು. "ಇದು ಇವ್ರದ್ದಲ್ಲ ಬಿಡ್ರಿ. ಬ್ಯಾರೆ ಯಾರದ್ದೋ ಬಂದೈತಿ."

ನನಗೂ ಅದೇ ಅನುಮಾನ. ಪರೀಕ್ಷೆ ನಡೆಸಿದ ತಂತ್ರಜ್ಞನಿಗೆ ಫೋನ್ ಮಾಡಿದೆ. ಆ ರಾತ್ರಿ ಪರೀಕ್ಷೆಗೆ ಇದ್ದದ್ದು ಇವರೊಬ್ಬರೇ, ಬದಲಾಗುವ ಮಾತೇ ಇಲ್ಲ ಅಂದ. ಹಾಗಾದರೆ ರೈಲ್ವೆ ಗೇಟಿನಲ್ಲಿ ನಿದ್ದೆಹೋದವರು ಯಾರು? ನನ್ನ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತಲ್ಲೇ ತೂಕಡಿಸುತ್ತಿದ್ದವರು ಯಾರು? ಚೀಟಿ ಕೊಡಲು ನನಗೆ ಮನಸ್ಸು ಬರಲಿಲ್ಲ. ವ್ಯಾನಿನಲ್ಲಿರುವುದು ಮಕ್ಕಳು. ಮನೆಯಲ್ಲಿಯೇ ಒಂದು ಸಲ ಪರೀಕ್ಷೆ ಆಗಲಿ ಎಂದೆ. ಆತನ ಮುಖ ಬಾಡಿಹೋಯಿತು.

ಮನೆಗೆ ಕೊಟ್ಟು ಕಳಿಸುವ ಯಂತ್ರ ಅಂಗೈಯಷ್ಟು ದೊಡ್ಡದು. ಪಟ್ಟಿಯಿಂದ ಎದೆಗೆ ಕಟ್ಟಿಕೊಳ್ಳಬೇಕು, ಅದರಿಂದ ಒಂದು ನಳಿಕೆ ಮೂಗಿಗೆ, ಒಂದು ತಂತಿ ಬೆರಳಿಗೆ. ಮಲಗಿದವರು ಯಾವ ಕಡೆ ತಿರುಗಿದ್ದಾರೆ ಎಂಬುದನ್ನೂ ಅದೇ ಗುರುತಿಸುತ್ತದೆ. ತಂತ್ರಜ್ಞ ಇಬ್ಬರನ್ನೂ ಕೂರಿಸಿಕೊಂಡು ಅಂಗಿಯ ಮೇಲೆಯೇ ಕಟ್ಟಿ ತೋರಿಸಿ ಕಳಿಸಿದ.

ಎರಡನೆಯ ವರದಿ ಬಂದಾಗ ನಾನು ಕುರ್ಚಿಯಿಂದ ಎದ್ದು ನಿಂತುಬಿಟ್ಟೆ. ಆ ಮನುಷ್ಯ ರಾತ್ರಿಯೆಲ್ಲ ಉಸಿರುಗಟ್ಟಿ ಒದ್ದಾಡಿದ್ದ. ಆಮ್ಲಜನಕದ ಗೆರೆ ಗರಗಸದ ಹಲ್ಲಿನ ಹಾಗೆ ಮೇಲೆ ಕೆಳಗೆ ಹೋಗಿತ್ತು. ಹೆಂಡತಿ ಹೇಳಿದ್ದು ಅಕ್ಷರಶಃ ನಿಜ. ಆದರೆ ಮಲಗಿದ ಭಂಗಿಯ ಸಾಲು ನೋಡಿದರೆ, ಉಸಿರು ನಿಂತದ್ದೆಲ್ಲ ಎಡ ಮಗ್ಗುಲಲ್ಲಿ! ಅಂಗಾತ ಎಂದು ಗುರುತಾದ ಸ್ವಲ್ಪ ಹೊತ್ತಿನಲ್ಲಿ ಉಸಿರಾಟ ಸಲೀಸಾಗಿತ್ತು. ಪುಸ್ತಕದಲ್ಲಿ ಇರುವುದಕ್ಕೆ ಪೂರ್ತಿ ಉಲ್ಟಾ.

"ಎಡಕ್ಕಾ?" ಅಂದರು ಹೆಂಡತಿ. "ಇವ್ರು ಎಡಕ್ಕ ಯಾವತ್ತು ಮಕ್ಕಂಡಾರ್ರಿ? ನಾನು ಎಡಕ್ಕ ಇರ್ತೀನಿ. ಇವ್ರ ಮುಖ ನನ್ನ ಕಡಿ ಬಂದಿದ್ದೇ ನಾ ಕಾಣೆ."

ಗಂಡ ನಾಚಿಕೊಂಡು ಕಿಟಕಿಯ ಕಡೆ ತಿರುಗಿದರು. ನಾನು ನಕ್ಕೆ. ನಿದ್ದೆಯಲ್ಲಿದ್ದ ಹೆಂಗಸಿಗೆ ಪಕ್ಕದವರ ಭಂಗಿ ಏನು ಗೊತ್ತಿರುತ್ತದೆ ಎಂದುಕೊಂಡೆ. ಯಂತ್ರಕ್ಕೆ ನಿದ್ದೆ ಬರುವುದಿಲ್ಲವಲ್ಲ.

ಆದರೂ ತಲೆ ಕೆಟ್ಟುಹೋಯಿತು. ಎರಡೂ ವರದಿಗಳನ್ನು ಮೇಜಿನ ಮೇಲೆ ಹರಡಿಕೊಂಡು ಕೂರುತ್ತಿದ್ದೆ. ಆಸ್ಪತ್ರೆಯಲ್ಲಿ ಬಲ ಮಗ್ಗುಲು, ಉಸಿರು ಸರಿ. ಮನೆಯಲ್ಲಿ ಎಡ ಮಗ್ಗುಲು, ಉಸಿರು ಕೆಟ್ಟಿದೆ. ಎರಡಕ್ಕೂ ಹೊಂದುವ ಒಂದೇ ವಿವರಣೆ: ಈ ಮನುಷ್ಯನಿಗೆ ಎಡ ಮಗ್ಗುಲು ಆಗಿಬರುವುದಿಲ್ಲ. ಯಾಕೆ ಆಗಿಬರುವುದಿಲ್ಲ? ಎಂಡೋಸ್ಕೋಪ್ ಇಳಿಸಿ ಮೂಗಿನಿಂದ ಧ್ವನಿಪೆಟ್ಟಿಗೆಯವರೆಗೂ ನೋಡಿದೆ. ಗಡ್ಡೆ ಇಲ್ಲ, ಊತ ಇಲ್ಲ. ಸ್ಕ್ಯಾನ್ ಮಾಡಿಸಿದೆ, ಅದರಲ್ಲೂ ಮೂಗಿನ ವಾಲಿದ ನಡುಗೋಡೆ ಬಿಟ್ಟರೆ ಏನೂ ಇಲ್ಲ. ಮಲಗಿದಾಗ ಕೆಳಗಿನ ಹೊಳ್ಳೆ ಕಟ್ಟಿಕೊಳ್ಳುವುದು ಸಹಜ. ಎಡಕ್ಕೆ ಮಲಗಿದಾಗ ಎಡ ಹೊಳ್ಳೆ ಕಟ್ಟಿ, ಬಲ ಹೊಳ್ಳೆ ನಡುಗೋಡೆಯಿಂದ ಮೊದಲೇ ಕಿರಿದಾಗಿ, ಬಾಯಲ್ಲಿ ಉಸಿರಾಡಿ, ದವಡೆ ಜೋತು... ಹೀಗೆ ಒಂದಕ್ಕೊಂದು ಪೋಣಿಸುತ್ತ ಹೋದೆ. ಪೋಣಿಸಿದ್ದು ನನಗೇ ನಂಬಿಕೆ ಬರುವಂತಿರಲಿಲ್ಲ.

ಮೊದಲು ಮೂಗಿಗೆ ಮಾಸ್ಕ್ ಕಟ್ಟಿ ಗಾಳಿ ಒತ್ತುವ ಯಂತ್ರವನ್ನು ಕೆಲವು ದಿನ ಕೊಟ್ಟು ನೋಡಿದೆ. ಇದೇ ಎಲ್ಲರಿಗೂ ಮೊದಲು ಹೇಳುವ ಚಿಕಿತ್ಸೆ. ಆತ ರಾತ್ರಿ ಕಟ್ಟಿಕೊಂಡು ಮಲಗುವುದು, ನಿದ್ದೆಗಣ್ಣಲ್ಲಿ ಕಿತ್ತು ಎಸೆಯುವುದು. "ಬಾಯಿ ಮುಚ್ಚಿ ಸಾಯ್ಸಿದಂಗ ಆಗ್ತೈತ್ರಿ, ಬ್ಯಾಡ," ಎಂದು ವಾಪಸು ತಂದಿಟ್ಟರು.

ಆಮೇಲೆ ಚೆಂಡಿನ ಉಪಾಯ. ಬನಿಯನ್ನಿಗೆ ಜೇಬು ಹೊಲಿದು ಚೆಂಡು ಇಟ್ಟರೆ ಆ ಕಡೆ ಹೊರಳಿದಾಗ ಒತ್ತಿ, ಮನುಷ್ಯ ಈ ಕಡೆ ತಿರುಗುತ್ತಾನೆ. ಜಗತ್ತೆಲ್ಲ ಬೆನ್ನಿಗೆ ಹೊಲಿಯುತ್ತದೆ. ನಾನು ವರದಿ ನಂಬಿ ಎಡ ಪಕ್ಕೆಗೆ ಹೊಲಿಸಿದೆ. "ಎಡಕ್ಕೆ ಮಾತ್ರ ಬೇಡ. ಅಂಗಾತ ಮಲಗಿ, ಬಲಕ್ಕೆ ಮಲಗಿ, ತೊಂದರೆ ಇಲ್ಲ," ಎಂದು ಹೇಳಿ ಕಳಿಸಿದೆ. ಹೆಂಡತಿಯೇ ಹೊಲಿದರು. ಅಚ್ಚುಕಟ್ಟಾದ ಹೊಲಿಗೆ, ಒಳಗೆ ಮಕ್ಕಳಾಡುವ ರಬ್ಬರ್ ಚೆಂಡು.

ಮತ್ತೆ ಬಂದಾಗ ಆತನ ಕಣ್ಣುಗಳು ಇನ್ನೂ ಒಳಕ್ಕೆ ಹೋಗಿದ್ದವು. ಮಾತನಾಡುತ್ತ ಮಾತನಾಡುತ್ತಲೇ ರೆಪ್ಪೆ ಮುಚ್ಚಿಕೊಳ್ಳುತ್ತಿತ್ತು. "ಎಡಕ್ಕ ಹೊರಳೇ ಇಲ್ರಿ. ದೇವ್ರಾಣೆ ಇಲ್ಲ," ಅಂದರು.

"ಮೊದ್ಲಿಗಿಂತ ಜಾಸ್ತಿ ಆಗೈತ್ರಿ," ಅಂದರು ಹೆಂಡತಿ. "ಯಾಕ ಹಿಂಗಾತು? ನೀವು ಹೇಳ್ದಂಗೇ ಮಾಡೀವಲ್ರಿ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟು ಮಾಡಿದ್ದರೆ ನನಗೆ ಉತ್ತರ ಕೊಡುವುದು ಸುಲಭವಾಗುತ್ತಿತ್ತು. ಹೊರಗೆ ಹೋಗುವಾಗ ಆತ ಬಾಗಿಲಲ್ಲಿ ನಿಂತು, ಮಾಲೀಕರ ಅಳಿಯನಿಗೆ ಮಕ್ಕಳೆಲ್ಲ ಹೊಂದಿಕೊಂಡಿದ್ದಾರೆ, ಇನ್ನು ತಡವಾದರೆ ತನ್ನನ್ನು ಕರೆಯುವುದಿಲ್ಲ ಎಂದರು. ಆ ಸಂಜೆ ಮನೆಗೆ ಹೋದರೂ ಊಟ ರುಚಿಸಲಿಲ್ಲ. ಏನು ಮಾಡಿದರೂ ಒಂದಕ್ಕೊಂದು ತಾಳೆಯಾಗದಿದ್ದರೆ ವೈದ್ಯರಿಗೂ ಅಳು ಬರುತ್ತದೆ, ಹೇಳಿಕೊಳ್ಳುವುದಿಲ್ಲ ಅಷ್ಟೆ.

ಉಳಿದದ್ದು ಶಸ್ತ್ರಚಿಕಿತ್ಸೆ. ಮೂಗಿನ ನಡುಗೋಡೆ ನೆಟ್ಟಗೆ ಮಾಡಿ, ಅದರ ಜೊತೆಗೇ ಅಂಗುಳಿನ ಸಡಿಲ ಭಾಗವನ್ನು ಬಿಗಿ ಮಾಡುವುದು. ಗುಣ ಆಗಲೇಬೇಕೆಂದಿಲ್ಲ ಎಂದು ಸ್ಪಷ್ಟವಾಗಿಯೇ ಹೇಳಿದೆ. "ಕೀಲಿ ಸಿಗಂಗಿದ್ರೆ ಕೊಯ್ರಿ," ಅಂದರು ಆತ. ದಿನ ಗೊತ್ತಾಯಿತು.

ಆ ಬೆಳಿಗ್ಗೆ ನಾನು ಕೈ ತೊಳೆದುಕೊಳ್ಳಲು ಹೊರಟಿದ್ದೆ. ಆಪರೇಷನ್ ಕೋಣೆಯ ಪಕ್ಕದಿಂದ ಅರಿವಳಿಕೆ ವೈದ್ಯರ ಏರುದನಿ ಕೇಳಿಸಿತು. ಹೋಗಿ ನೋಡಿದರೆ ನಮ್ಮ ಡ್ರೈವರ್ ಹಸಿರು ಗೌನ್ ಹಾಕಿಕೊಂಡು ಮಂಚದ ಅಂಚಿನಲ್ಲಿ ಕೂತಿದ್ದಾರೆ, ಎರಡೂ ಕೈ ಎದೆಯ ಮೇಲೆ. ಕೈಯೊಳಗೆ ಶಿವದಾರದಲ್ಲಿ ತೂಗುವ ಬೆಳ್ಳಿಯ ಕರಡಿಗೆ. ಒಳಗೆ ಅವರ ಇಷ್ಟಲಿಂಗ. ಈ ಊರಿನಲ್ಲಿ ಅದನ್ನು ನಾನು ದಿನಾ ಎಷ್ಟು ಎದೆಗಳ ಮೇಲೆ ನೋಡುತ್ತೇನೋ. ನೋಡಿ ನೋಡಿ ಕಾಣದಂತೆಯೇ ಆಗಿತ್ತು.

"ಎದೆಗೆ ಇಸಿಜಿ ಅಂಟಿಸ್ಬೇಕು, ಲೋಹ ಇರಬಾರ್ದು. ತೆಗೆದು ಹೆಂಡ್ತಿ ಕೈಲಿ ಕೊಡಿ ಅಂದ್ರೆ ಕೇಳ್ತಾ ಇಲ್ಲ," ಅಂದರು ಅರಿವಳಿಕೆ ವೈದ್ಯರು.

"ಮೈ ಬಿಟ್ಟು ತೆಗಿಯಂಗಿಲ್ರಿ ಸರ್. ಬೇಕಾದ್ರೆ ಕರಡಿಗಿ ಬಿಚ್ಚಿ, ಬಟ್ಟ್ಯಾಗ ಸುತ್ತಿ ತೋಳಿಗೆ ಕಟ್ಕಂತೀನಿ. ಆವತ್ತು ಪರೀಕ್ಷೆ ರೂಮ್‌ನಾಗೂ ಪಟ್ಟಿಗೆ ಅಡ್ಡ ಬರ್ತೈತಿ ಅಂದ್ರು, ತೋಳಿಗೆ ಕಟ್ಕಂಡು ಮಕ್ಕಂಡಿದ್ದೆ."

ಸರಿ, ಹಾಗೇ ಮಾಡಿ ಎಂದು ಹೇಳಿ ತಿರುಗಿದವಳು ನಿಂತೆ. "ಮನೇಲಿ ಯಂತ್ರ ಕಟ್ಟಿಕೊಂಡಾಗಲೂ ತೋಳಿಗೇ ಕಟ್ಟಿದ್ರಾ?"

"ಇಲ್ರಿ. ಮನ್ಯಾಗ ಯಾಕ ತೆಗೀಲಿ? ಎದಿ ಮ್ಯಾಲೇ ಇತ್ತು."

"ಮತ್ತೆ ಯಂತ್ರ? ಅದೂ ಎದೆ ನಡುವೆಯೇ ಇರಬೇಕಲ್ಲ?"

"ಲಿಂಗದ ಮ್ಯಾಲೆ ಮಷಿನ್ ಹೇರಾಕೆ ಆಗ್ತೈತೇನ್ರಿ? ಈ ಕಡಿಗೆ ಸರಿಸ್ಕಂಡಿದ್ದೆ." ಗೌನ್ ಮೇಲೆ ಕೈಯಿಟ್ಟು ತೋರಿಸಿದರು. ಎಡ ಕಂಕುಳ ಕೆಳಗೆ, ಪಕ್ಕೆಯ ಮೇಲೆ.

ನನಗೆ ಏನೋ ಹೊಳೆಯುತ್ತಿದೆ, ಆದರೆ ಬಲ ಯಾವುದು ಎಡ ಯಾವುದು ಎಂಬುದೇ ತಲೆಯಲ್ಲಿ ನಿಲ್ಲುತ್ತಿಲ್ಲ. ಗಾಳಿಯಲ್ಲಿ ಕೈ ತಿರುಗಿಸುತ್ತ ಲೆಕ್ಕ ಹಾಕಿದೆ, ತಪ್ಪಿತು. ಮತ್ತೆ ಹಾಕಿದೆ, ಬೇರೆ ಉತ್ತರ ಬಂತು. ಅರಿವಳಿಕೆ ವೈದ್ಯರು ಗಡಿಯಾರ ನೋಡಿದರು. "ಶುರು ಮಾಡೋಣ್ವಾ ಮೇಡಂ?"

"ಬೇಡ, ಸ್ವಲ್ಪ ಇರಿ," ಎಂದು ತಂತ್ರಜ್ಞನಿಗೆ ಫೋನ್ ಮಾಡಿ ಯಂತ್ರ ತರಿಸಿದೆ. ಪಕ್ಕದ ಕೋಣೆಯಲ್ಲಿ ಅದನ್ನು ನನ್ನ ಎಡ ಪಕ್ಕೆಗೇ ಕಟ್ಟಿಕೊಂಡು ಪರೀಕ್ಷೆಯ ಮಂಚದ ಮೇಲೆ ಅಂಗಾತ ಮಲಗಿದೆ. ಗೌನ್ ಹಾಕಿಕೊಂಡ ರೋಗಿ ನಿಂತು ನೋಡುತ್ತಿದ್ದಾರೆ, ವೈದ್ಯೆ ಮಲಗಿದ್ದಾಳೆ. ಆಸ್ಪತ್ರೆಯಲ್ಲಿ ಆ ಸುದ್ದಿ ಬಹಳ ದಿನ ಓಡಾಡಿತು. ಸ್ವಲ್ಪ ಹೊತ್ತು ಅಂಗಾತ, ಸ್ವಲ್ಪ ಹೊತ್ತು ಬಲ ಮಗ್ಗುಲು ಮಲಗಿ ಎದ್ದೆ. ತಂತ್ರಜ್ಞ ಯಂತ್ರವನ್ನು ಲ್ಯಾಪ್‌ಟಾಪಿಗೆ ಜೋಡಿಸಿ ನೋಡಿ ಬಾಯಿಗೆ ಕೈಯಿಟ್ಟುಕೊಂಡ. ನಾನು ಅಂಗಾತ ಮಲಗಿದ್ದನ್ನು ಅದು ಎಡ ಮಗ್ಗುಲೆಂದು ಬರೆದಿತ್ತು. ಬಲ ಮಗ್ಗುಲಾಗಿದ್ದನ್ನು ಅಂಗಾತ ಎಂದು ಬರೆದಿತ್ತು. ಪಾಪ, ಯಂತ್ರಕ್ಕೇನು ಗೊತ್ತು? ಅದು ತಾನು ಎದೆಯ ನಡುವೆ ಇದ್ದೇನೆಂದೇ ತಿಳಿದುಕೊಂಡಿತ್ತು.

ಅಂದರೆ ಹೆಂಡತಿ ಮೊದಲ ದಿನ ಹೇಳಿದ್ದೇ ಸರಿ. ಆತ ಅಂಗಾತ ಮಲಗುತ್ತಿದ್ದರು, ಅಂಗಾತ ಮಲಗಿದಾಗಲೇ ಉಸಿರು ನಿಲ್ಲುತ್ತಿತ್ತು. ಎಡಕ್ಕೆ ಚೆಂಡು ಹೊಲಿಸಿ ನಾನು ಅವರನ್ನು ಇನ್ನಷ್ಟು ಭದ್ರವಾಗಿ ಅಂಗಾತ ಮಲಗಿಸಿದ್ದೆ. ಮೂಗು ಕೊಯ್ದಿದ್ದರೂ ಆಗುತ್ತಿದ್ದದ್ದು ಅಷ್ಟರಲ್ಲೇ ಇತ್ತು. ಶಸ್ತ್ರಚಿಕಿತ್ಸೆ ರದ್ದು ಮಾಡಿದೆ. ಅರಿವಳಿಕೆ ವೈದ್ಯರು ನನ್ನ ಮೇಲೆ ಮುನಿಸಿಕೊಂಡರು. ಬೆಳಗಿನಿಂದ ಉಪವಾಸವಿದ್ದ ಡ್ರೈವರ್ ಮಾತ್ರ, "ಹಂಗಾದ್ರೆ ಚಾ ಕುಡೀಬೌದೇನ್ರಿ?" ಎಂದು ಕೇಳಿದರು.

ಗೊಂದಲ ಮುಗಿಯಿತು ಎಂದುಕೊಂಡೆ. ಅಲ್ಲಿಂದ ಇನ್ನೊಂದು ಶುರುವಾಯಿತು.

"ಇನ್ನು ಮೇಲೆ ಪಕ್ಕಕ್ಕೆ ಮಲಗಿ," ಎಂದೆ.

"ಆಗಲ್ರಿ," ಅಂದರು.

"ಆಸ್ಪತ್ರೆಯಲ್ಲಿ ಮಲಗಿದ್ರಲ್ಲ?"

"ಆಸ್ಪತ್ರ್ಯಾಗಿಂದು ಬ್ಯಾರೆ. ಅಲ್ಲಿ ನೀವು ಹೇಳಿದ್ರಿ, ತೋಳಿಗೆ ಕಟ್ಕಂಡಿದ್ದೆ. ಮನ್ಯಾಗ ಹಂಗ ಮಾಡಾಕ ಬರಲ್ಲ." ಕಾರಣವನ್ನೂ ಹೇಳಿದರು. ಸಣ್ಣವರಿದ್ದಾಗ ಲಿಂಗಧಾರಣೆಯಾದ ದಿನ ಅವರ ಅಜ್ಜಿ ಹೇಳಿಕೊಟ್ಟಿದ್ದಂತೆ: ಲಿಂಗ ಹಾಸಿಗೆಗೆ ತಾಗಬಾರದು, ಪಕ್ಕಕ್ಕೆ ಹೊರಳಿದರೆ ಜಾರುತ್ತದೆ, ಎದೆ ಮೇಲೆ ಇಟ್ಟು ಅಂಗೈ ಮುಚ್ಚಿ ನೆಟ್ಟಗೆ ಮಲಗು. ಅಂದಿನಿಂದ ಹಾಗೇ ಮಲಗಿದ್ದಾರೆ. ನಿದ್ದೆಯಲ್ಲಿಯೂ ಅಂಗೈ ಅಲ್ಲಿಂದ ಕದಲುವುದಿಲ್ಲವಂತೆ.

ಔಷಧ ಬೇಡವೆಂದವರ ಜೊತೆ ವಾದ ಮಾಡಬಲ್ಲೆ, ಆಪರೇಷನ್ನಿಗೆ ಹೆದರುವವರಿಗೆ ಧೈರ್ಯ ಹೇಳಬಲ್ಲೆ. ಇದಕ್ಕೆ ಏನು ಹೇಳಲಿ? ಜೀವಕ್ಕಿಂತ ಅದು ಹೆಚ್ಚೇ ಎಂದು ಕೇಳುವ ಮಾತು ನಾಲಿಗೆಯ ತುದಿಗೆ ಬಂತು. ಎದೆಯ ಮೇಲಿದ್ದ ಆ ಅಂಗೈ ನೋಡಿ ನುಂಗಿಕೊಂಡೆ. ನಾನು ಬೇರೆ ಮನೆತನದವಳು, ಬೇರೆ ಸೀಮೆಯವಳು. ಸರಿ ತಪ್ಪು ಹೇಳಲು ನಾನು ಯಾರು?

"ಇದನ್ನ ಯಾರನ್ನ ಕೇಳ್ಬೇಕು?" ಎಂದೆ.

"ನಮ್ಮ ಅಯ್ನೋರನ್ನ ಕೇಳ್ಬೇಕ್ರಿ," ಅಂದರು ಹೆಂಡತಿ ತಟ್ಟನೆ. "ನೀವೂ ಬರ್ರಿ ಮೇಡಂ. ನಾವು ಹೇಳಿದ್ರೆ ಮಷಿನ್ ಕಥಿ ಅವ್ರಿಗೆ ತಿಳಿಯಂಗಿಲ್ಲ."

ಭಾನುವಾರ ಹರಿಹರಕ್ಕೆ ಹೋದೆ. ಅಯ್ಯನವರೆಂದರೆ ಅವರ ಮನೆತನಕ್ಕೆ ಲಿಂಗಧಾರಣೆ, ಮದುವೆ ಮಾಡಿಸುವ ಗುರುಗಳು. ಹೊಳೆಯ ಕಡೆಗಿನ ಬೀದಿಯಲ್ಲಿ ಮನೆ. "ಬರ್ರಿ, ಕೂಡ್ರಿ," ಎಂದು ಚಾಪೆ ಹಾಸಿ ಕೂರಿಸಿದರು. ನಾನು ನಾಲಿಗೆ ಹಿಂದಕ್ಕೆ ಜಾರುವುದನ್ನು ಕೈಯಲ್ಲಿ ಅಭಿನಯಿಸಿ ತೋರಿಸಿದೆ. ಯಂತ್ರದ ಕಥೆ ಹೇಳಿದೆ. ಅವರು ಎಲ್ಲವನ್ನೂ ಕೇಳಿ ಡ್ರೈವರ್ ಕಡೆ ತಿರುಗಿದರು.

"ಅಲ್ಲೋ, ಉಸಿರೇ ನಿಂತ್ರೆ ಲಿಂಗ ಯಾರು ಕಟ್ಕಂತಾರೋ?"

ಆತ ತಲೆ ತಗ್ಗಿಸಿದರು.

"ಕೊರಳಾಗ ಕಟ್ಟಬೌದು, ಕಂಕುಳಾಗ ಕಟ್ಟಬೌದು, ತಲಿ ಮ್ಯಾಲೂ ಕಟ್ಟಬೌದು. ಮೈ ಬಿಟ್ಟಿರಬಾರ್ದು, ಅಷ್ಟ. ನಿಮ್ಮಜ್ಜಿ ಹೇಳಿದ್ದು ಸಣ್ಣ ಹುಡುಗ್ರು ಬೀಳಿಸ್ಕಂತಾರಂತ. ನೀನೇನು ಇನ್ನೂ ಸಣ್ಣ ಹುಡುಗನಾ?" ಎಂದು ಗದರಿ, ಒಳಗಿನಿಂದ ಬಿಳಿ ವಸ್ತ್ರ ತಂದರು. ರಾತ್ರಿ ಹೊತ್ತು ಲಿಂಗವನ್ನು ವಸ್ತ್ರದಲ್ಲಿ ಸುತ್ತಿ ಎಡ ತೋಳಿನ ಮೇಲ್ಭಾಗಕ್ಕೆ ಹೇಗೆ ಕಟ್ಟಬೇಕೆಂದು ತಾವೇ ಕಟ್ಟಿ ತೋರಿಸಿದರು. ಬಲಕ್ಕೆ ಹೊರಳಿ ಮಲಗಿದರೆ ಎಡ ತೋಳು ಮೇಲಿರುತ್ತದೆ, ಹಾಸಿಗೆಗೆ ತಾಗುವ ಪ್ರಶ್ನೆಯೇ ಇಲ್ಲ. ಡ್ರೈವರ್ ಅಲ್ಲೇ ಚಾಪೆಯ ಮೇಲೆ ಬಲಕ್ಕೆ ಒರಗಿ, ತೋಳು ಮುಟ್ಟಿ ಮುಟ್ಟಿ ನೋಡಿಕೊಂಡರು. ಅವರ ಮುಖದ ಬಿಗಿ ಸಡಿಲವಾದದ್ದನ್ನು ಆ ದಿನ ಮೊದಲ ಸಲ ನೋಡಿದೆ.

ಹೆಂಡತಿ ಬನಿಯನ್ನಿನ ಎಡ ಜೇಬು ಬಿಚ್ಚಿ ಬೆನ್ನಿಗೆ ಹೊಲಿದರು. ನಿದ್ದೆಯಲ್ಲಿ ಅಂಗಾತ ಹೊರಳಿದರೆ ಈಗ ಚೆಂಡು ಬೆನ್ನಿಗೆ ಒತ್ತುತ್ತದೆ. ಬೆನ್ನ ಹಿಂದೆ ಒಂದು ಗಟ್ಟಿ ದಿಂಬು. ಮೊದಲ ದಿನಗಳಲ್ಲಿ ಭುಜ ನೋವು ಎಂದರು, ದಿಂಬಿನ ಎತ್ತರ ಬದಲಿಸಿದೆವು. ನಡುರಾತ್ರಿ ತೋಳು ತಡವಿಕೊಂಡು ಏಳುತ್ತಾರೆ ಎಂದರು ಹೆಂಡತಿ. ಅದೂ ಬರಬರುತ್ತ ಕಡಿಮೆಯಾಯಿತು. ಆಮೇಲೆ ಮತ್ತೊಮ್ಮೆ ಮನೆಯಲ್ಲಿ ಪರೀಕ್ಷೆ. ಈ ಸಲ ತಂತ್ರಜ್ಞ ಸಂಜೆ ಅವರ ಮನೆಗೇ ಹೋಗಿ, ಎದೆಯ ನಟ್ಟ ನಡುವೆ ಯಂತ್ರ ಕಟ್ಟಿ, ಕದಲದಂತೆ ಅಂಟುಪಟ್ಟಿ ಹಾಕಿ ಬಂದ.

ವರದಿ ಬಂತು. ಬಲ ಮಗ್ಗುಲಲ್ಲಿ ಉಸಿರು ಹೆಚ್ಚು ಕಡಿಮೆ ಸರಾಗ. ಅಂಗಾತ ಹೊರಳಿದ ಸ್ವಲ್ಪ ಹೊತ್ತಿನಲ್ಲಿ ಮಾತ್ರ ಹಳೆಯ ಗರಗಸ. ಅಂತೂ ಪುಸ್ತಕದಲ್ಲಿರುವಂಥ ವರದಿ. ಹಗಲಿನ ತೂಕಡಿಕೆ ಹೋಗಿದೆ ಎಂದು ಗಂಡ ಹೆಂಡತಿ ಇಬ್ಬರೂ ಒಂದೇ ಮಾತು ಹೇಳಿದರು. ಅವರಿಬ್ಬರೂ ಒಪ್ಪಿದ ಮೊದಲ ಸಂಗತಿ ಅದೇ ಇರಬೇಕು.

ಚೀಟಿ ಬರೆಯಲು ಪೆನ್ನು ತೆಗೆದೆ. ಬರೆಯಲಾಗಲಿಲ್ಲ. ಮೊದಲು ಸರಿಯಿದ್ದ ವರದಿ ನಂಬಲಿಲ್ಲ, ಆಮೇಲೆ ತಪ್ಪು ವರದಿ ನಂಬಿದೆ. ಈಗ ಇದನ್ನು ಯಾವ ಧೈರ್ಯದಿಂದ ನಂಬಲಿ? ನಾಳೆ ಆ ವ್ಯಾನಿನಲ್ಲಿ ಮಕ್ಕಳು ಕೂರುತ್ತಾರೆ. ಇದ್ದದ್ದನ್ನು ಇದ್ದಹಾಗೆಯೇ ಆತನಿಗೆ ಹೇಳಿದೆ. ಬೇಸರ ಮಾಡಿಕೊಳ್ಳಲಿಲ್ಲ. "ಹಂಗಾದ್ರೆ ನೀವೇ ಒಂದ್ಸಲ ಪಕ್ಕದಾಗ ಕುಂತು ನೋಡ್ರಿ. ಮಕ್ಳು ಬ್ಯಾಡ, ಖಾಲಿ ಗಾಡಿ," ಅಂದರು. ಮಾಲೀಕರೂ ಒಪ್ಪಿದರು.

ಮೊದಲು ತೂಕಡಿಕೆ ಬರುತ್ತಿದ್ದ ಹೊತ್ತೇ ಇರಲಿ ಎಂದು ಮಧ್ಯಾಹ್ನವನ್ನೇ ಆರಿಸಿದೆ. ಬೆಳಿಗ್ಗೆ ಆಪರೇಷನ್‌ಗಳು ಮುಗಿಸಿ ಹರಿಹರಕ್ಕೆ ಹೋದೆ. ಅವರ ಮನೆಯಲ್ಲಿ ರೊಟ್ಟಿ, ಎಣ್ಣೆಗಾಯಿ, ಮೊಸರು, ಮೇಲೆ ಅನ್ನ ಸಾರು. ಆತನಿಗೂ ಹೊಟ್ಟೆ ತುಂಬ ಬಡಿಸಿ ಎಂದೆ, ಪರೀಕ್ಷೆ ಅಂದರೆ ಪರೀಕ್ಷೆ. ಹೆಂಡತಿ ನನಗೂ ಅಷ್ಟೇ ಬಡಿಸಿದರು, ಬೇಡವೆಂದರೂ ಬಿಡಲಿಲ್ಲ.

ಖಾಲಿ ವ್ಯಾನ್ ದಾವಣಗೆರೆಯ ಕಡೆ ಹೊರಟಿತು. ನಾನು ಮುಂದಿನ ಸೀಟಿನಲ್ಲಿ, ರಸ್ತೆ ಬಿಟ್ಟು ಆತನ ಕಣ್ಣನ್ನೇ ನೋಡುತ್ತ ಕೂತೆ. ರೆಪ್ಪೆ ಭಾರವಾಗುತ್ತಿದೆಯೇ, ಆಕಳಿಸುತ್ತಾರೆಯೇ, ಗಾಡಿ ಗೆರೆ ದಾಟುತ್ತದೆಯೇ ಎಂದು. ಏನೂ ಇಲ್ಲ. ಕನ್ನಡಿ ನೋಡುತ್ತಾರೆ, ಗೇರ್ ಬದಲಿಸುತ್ತಾರೆ, ಎದುರು ಬಂದ ಲಾರಿಗೆ ದಾರಿ ಬಿಡುತ್ತಾರೆ. ಕಿಟಕಿಯಿಂದ ಬಿಸಿಗಾಳಿ ಬರುತ್ತಿತ್ತು.

"ಮೇಡಂ. ಮೇಡಂ. ಬಂತ್ರಿ."

ಕಣ್ಣು ಬಿಟ್ಟರೆ ಕೆ.ಬಿ. ಬಡಾವಣೆ, ನನ್ನ ಕ್ಲಿನಿಕ್ಕಿನ ಬೋರ್ಡು. ವ್ಯಾನ್ ನೆರಳು ನೋಡಿ ನಿಂತಿತ್ತು, ಎಂಜಿನ್ ಆರಿತ್ತು. ನನ್ನ ತಲೆ ಕಿಟಕಿಗೆ ಒರಗಿತ್ತು, ಬಾಯಿ ತೆರೆದೇ ಇತ್ತೇನೋ. ಎಷ್ಟು ನಾಚಿಕೆಯಾಯಿತೆಂದರೆ ಸೆರಗಿನಿಂದ ಮುಖ ಒರೆಸಿಕೊಳ್ಳುವ ನೆಪದಲ್ಲಿ ಮುಚ್ಚಿಕೊಂಡೆ.

"ಬಾತಿ ಊರು ಬರೋದ್ರಾಗೇ ನಿಮ್ಮ ಗೊರಕಿ ಶುರುವಾತ್ರಿ," ಅಂದರು ಆತ, ನಗು ತಡೆದುಕೊಂಡು.

"ಎಬ್ಬಿಸ್ಬಾರ್ದಿತ್ತಾ?"

"ಎಬ್ಬಿಸಾನ ಅಂದ್ಕಂಡೆ. ಆದ್ರೆ ಕಿವಿಗೊಟ್ಟು ಕೇಳ್ಕೆಂತಾನೇ ಬಂದೆ, ಉಸಿರು ಎಲ್ಲೂ ನಿಲ್ಲಿಲ್ರಿ. ಅದಕ್ಕ ಮಕ್ಕಂಡಿರ್ಲಿ ಅಂತ ಬಿಟ್ಟೆ."

ನಾನು ವ್ಯಾನಿನಿಂದ ಇಳಿದು, ಚೀಟಿ ಬರೆಯಲು ಒಳಗೆ ಹೋದೆ.